ಕೈಗೆಟುಕುವ ದೋಣಿ: ಪುಟ್ಟ ಹಾಯಿದೋಣಿ ನಡೆಸುವವರಿಗೆ ಹದಿನಾರು ಸೂತ್ರಗಳು

1964ರಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿ ನೀರಿಗಿಳಿಸಿದ 32 ಅಡಿಯ ದೋಣಿ ಸುಹೇಲಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್‌ನಲ್ಲಿ ಅದನ್ನೇರಿ ಇಂಗ್ಲೆಂಡಿನಿಂದ ಹೊರಟರು. ಎಲ್ಲೂ ದಡ ಮುಟ್ಟದೆ, ಒಬ್ಬರೇ ಭೂಮಿ ಸುತ್ತಿ 1969ರ ಏಪ್ರಿಲ್‌ನಲ್ಲಿ ಮರಳಿದರು. ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಅದೊಂದು ಸ್ಪರ್ಧೆಯೂ ಆಗಿತ್ತು, ಅದಕ್ಕೆ ಹೊರಟ ಒಂಬತ್ತು ಜನರಲ್ಲಿ ಗುರಿ ಮುಟ್ಟಿದ್ದೂ ಅವರೊಬ್ಬರೇ. ದಾರಿಯಲ್ಲಿ ರೇಡಿಯೊ ಕೈಕೊಟ್ಟಿತು, ಗಾಳಿಯ ಬಲದಿಂದ ಚುಕ್ಕಾಣಿ ತಿರುಗಿಸುವ ಸಾಧನ ಮುರಿಯಿತು, ಟ್ಯಾಂಕಿನ ಕುಡಿಯುವ ನೀರು ಕೆಟ್ಟಿತು, ತಳದ ಹಲಗೆಗಳ ಸಂದಿನಿಂದ ನೀರು ಒಳಬಂತು. ಆದರೂ ದೋಣಿ ನಿಲ್ಲಲಿಲ್ಲ. ಅದು ಸರಳ ದೋಣಿ, ಅದರ ಮೂಲೆಮೂಲೆಯೂ ಅದನ್ನು ನಡೆಸುವವನ ಕೈಗೆ ಪರಿಚಯವಿತ್ತು. ನನ್ನ ಮಟ್ಟಿಗೆ ಆ ಯಾನದ ದೊಡ್ಡ ಪಾಠ ಇದೇ.

ಇಂದು 28ರಿಂದ 36 ಅಡಿಯ ಫೈಬರ್ ದೋಣಿಯೊಂದರಲ್ಲಿ ಡೀಸೆಲ್ ಎಂಜಿನ್, ಬ್ಯಾಟರಿ, ಫ್ರಿಜ್, ಶೌಚಾಲಯ, ಗ್ಯಾಸ್ ಒಲೆ, ರೇಡಿಯೊ, ಜಿಪಿಎಸ್ ಎಲ್ಲವೂ ಇರುತ್ತವೆ. ಮುಂಬಯಿಯಿಂದ ಗೋವಾ, ಕಾರವಾರ, ಮಂಗಳೂರು ದಾಟಿ ಕೊಚ್ಚಿಯವರೆಗೆ ಅಕ್ಟೋಬರಿನಿಂದ ಮೇ ತನಕ ತಿರುಗಾಡಲು ಅಷ್ಟು ಸಾಕು. ಹೋದ ದೋಣಿ ಕ್ಷೇಮವಾಗಿ ಬಂದು, ಮುಂದಿನ ವಾರ ಮತ್ತೆ ಹೊರಡಲು ಸಿದ್ಧವಿದ್ದರೆ ಅದೇ ಯಶಸ್ಸು. ಅದಕ್ಕೆ ಬೇಕಾದ ಸೂತ್ರಗಳು ಇವು.

1. ಕೈ ಹೋಗದ ಜಾಗದಲ್ಲಿ ಏನನ್ನೂ ಕೂರಿಸಬೇಡಿ

ಪಂಪು, ಫಿಲ್ಟರು, ವಾಲ್ವು, ಫ್ಯೂಸು ಯಾವುದೇ ಇರಲಿ, ಎರಡು ನಿಮಿಷದಲ್ಲಿ ಅದರ ಮೇಲೆ ಕೈಯಿಡಲು ಆಗಬೇಕು. ಹಾಸಿಗೆ ಎತ್ತಿ, ಹಲಗೆ ತೆಗೆದು, ಪೆಟ್ಟಿಗೆ ಸರಿಸಿ, ಮಲಗಿಕೊಂಡು ಕೈ ಚಾಚಿದರೆ ಮಾತ್ರ ಸಿಗುವ ಫಿಲ್ಟರನ್ನು ಯಾರೂ ವೇಳೆಗೆ ಸರಿಯಾಗಿ ಬದಲಿಸುವುದಿಲ್ಲ. ಸೋಮಾರಿತನ ಇದಕ್ಕೆ ಕಾರಣವಲ್ಲ; ಅಲೆಯ ಹೊಡೆತಕ್ಕೆ ಓಲಾಡುವ ದೋಣಿಯಲ್ಲಿ ಅದು ಆಗದ ಮಾತು. ಹಳೆಯ ದೋಣಿ ಕೊಂಡವರು ಹೊಸ ಉಪಕರಣಕ್ಕೆ ಹಣ ಸುರಿಯುವ ಮೊದಲು, ಇರುವುದನ್ನು ಕೈಗೆ ಎಟುಕುವ ಕಡೆಗೆ ಸ್ಥಳಾಂತರಿಸಲಿ. ಹಲಗೆಯಲ್ಲಿ ಹೊಸದಾಗಿ ಒಂದು ಮುಚ್ಚಳ ಕೊರೆಸುವುದು ದುಬಾರಿ ಚಾರ್ಟ್‌ಪ್ಲಾಟರ್ ಕೊಳ್ಳುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಉಪಕರಣ ಕೂರಿಸಲು ಬರುವ ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ: ಕೂರಿಸಿದರೆ ಸಾಲದು, ನನ್ನ ಕಣ್ಣೆದುರು ಒಮ್ಮೆ ಬಿಚ್ಚಿ ತೋರಿಸಬೇಕು.

2. ದೋಣಿಯ ಮೈಯಲ್ಲಿರುವ ತೂತುಗಳ ನಕ್ಷೆ ಬರೆಯಿರಿ

ಎಂಜಿನ್ ತಂಪಿಸುವ ನೀರಿಗೆ ಒಂದು, ಶೌಚಾಲಯಕ್ಕೆ ಎರಡು, ಸಿಂಕಿಗೆ ಒಂದು: ನೀರಿನ ಮಟ್ಟದ ಕೆಳಗೆ ಇಷ್ಟು ತೂತುಗಳಾದರೂ ಇರುತ್ತವೆ. ಪ್ರತಿಯೊಂದಕ್ಕೂ ಸೀಕಾಕ್ ಎಂಬ ವಾಲ್ವು, ಅದರಿಂದ ಒಂದು ರಬ್ಬರ್ ಹೋಸು. ನೀರಿನ ಮಟ್ಟದಿಂದ ಎರಡಡಿ ಕೆಳಗಿರುವ ಒಂದೂವರೆ ಇಂಚಿನ ಹೋಸು ಕಳಚಿಕೊಂಡರೆ ನಿಮಿಷಕ್ಕೆ ನೂರು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಸಾಧಾರಣ ಎಲೆಕ್ಟ್ರಿಕ್ ಪಂಪು ಅದನ್ನು ಹೊರಹಾಕಲಾರದು.

ಆದ್ದರಿಂದ ತಿಂಗಳಿಗೊಮ್ಮೆ ಪ್ರತಿ ಸೀಕಾಕನ್ನೂ ಪೂರ್ತಿ ಮುಚ್ಚಿ ತೆರೆಯಿರಿ. ಹಾಗೆಯೇ ಬಿಟ್ಟ ವಾಲ್ವು ಬೇಕಾದಾಗ ಅಲುಗುವುದಿಲ್ಲ. ವಾಲ್ವು ಕಂಚಿನದ್ದಾಗಿರಲಿ, ಇಲ್ಲವೇ ಸಮುದ್ರಕ್ಕೆಂದೇ ತಯಾರಿಸಿದ ಗಟ್ಟಿ ಪ್ಲಾಸ್ಟಿಕ್ಕಿನದ್ದಾಗಿರಲಿ. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವು ಬೇಡವೇ ಬೇಡ: ಉಪ್ಪುನೀರು ಹಿತ್ತಾಳೆಯಲ್ಲಿರುವ ಸತುವನ್ನು ಹೀರಿಬಿಡುತ್ತದೆ, ಉಳಿದ ಲೋಹ ನಸುಗೆಂಪಾಗಿ ಪುಡಿಪುಡಿಯಾಗುತ್ತದೆ. ಜಾಗವಿದ್ದಲ್ಲಿ ಹೋಸಿಗೆ ಎರಡೆರಡು ಸ್ಟೇನ್‌ಲೆಸ್ ಕ್ಲಿಪ್ ಹಾಕಿ. ಪ್ರತಿ ವಾಲ್ವಿನ ಪಕ್ಕದಲ್ಲೂ ಅದೇ ಅಳತೆಯ ಮೆದುಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ನಕ್ಷೆಯನ್ನು ಬಾಗಿಲ ಬಳಿ ಅಂಟಿಸಿ, ಹೊಸದಾಗಿ ಹತ್ತಿದ ಗೆಳೆಯರಿಗೂ ಕಾಣಲಿ.

3. ತಳ ಒಣಗಿರಲಿ

ದೋಣಿಯ ತಳಗುಂಡಿಯಲ್ಲಿ, ಅಂದರೆ ಬಿಲ್ಜ್‌ನಲ್ಲಿ, ನೀರು ಕಂಡರೆ ಒಂದು ಹನಿ ನಾಲಿಗೆಗೆ ಇಟ್ಟು ನೋಡಿ. ಉಪ್ಪಾಗಿದ್ದರೆ ಸಮುದ್ರ ಒಳಬರುತ್ತಿದೆ. ಸಪ್ಪೆಯಾಗಿದ್ದರೆ ಟ್ಯಾಂಕ್ ಸೋರುತ್ತಿದೆ ಅಥವಾ ಮಳೆನೀರು ಇಳಿದಿದೆ. ಪಂಪು ತಾನಾಗಿ ನೀರು ಹೊರಹಾಕುತ್ತಿದೆ ಎಂಬ ನೆಮ್ಮದಿ ಬೇಡ. ಅದು ದಿನಕ್ಕೆ ಎಷ್ಟು ಸಲ ಓಡುತ್ತಿದೆ ಎನ್ನುವುದು ಮುಖ್ಯ. ಕೈಪಂಪೂ ಇರಲಿ, ಚುಕ್ಕಾಣಿ ಬಿಡದೆಯೇ ಒತ್ತುವಂತಿರಲಿ.

4. ಎಂಜಿನ್ನಿಗೆ ಶುದ್ಧ ಡೀಸೆಲ್ ಮತ್ತು ಹರಿಯುವ ನೀರು ಕೊಡಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ

ಪುಟ್ಟ ಡೀಸೆಲ್ ಎಂಜಿನ್ ಬಹಳ ತಾಳಿಕೆಯ ಯಂತ್ರ. ಅದು ನಿಂತಾಗ ಕಾರಣ ಹೆಚ್ಚಾಗಿ ಎರಡೇ: ತಂಪಿಸುವ ನೀರು ಬರಲಿಲ್ಲ, ಅಥವಾ ಡೀಸೆಲ್ ಕೆಟ್ಟಿತು.

ಮೊದಲು ನೀರು. ಎಂಜಿನ್ ಚಾಲೂ ಮಾಡಿದ ಕೂಡಲೇ ಹಿಂಬದಿಗೆ ಹೋಗಿ ನೋಡಿ, ಹೊಗೆಕೊಳವೆಯಿಂದ ಹೊಗೆಯ ಜೊತೆ ನೀರು ಚಿಮ್ಮುತ್ತಿರಬೇಕು. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ. ವಾಲ್ವು ಮುಚ್ಚಿರಬಹುದು, ಜಾಲರಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿರಬಹುದು (ನಮ್ಮ ಬಂದರುಗಳಲ್ಲಿ ಇದು ದಿನನಿತ್ಯದ ಕಾಟ), ಇಲ್ಲವೇ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಹರಿದಿರಬಹುದು. ಇಂಪೆಲ್ಲರನ್ನು ವರ್ಷಕ್ಕೊಮ್ಮೆ ಬದಲಿಸಿ, ಇನ್ನೆರಡನ್ನು ದೋಣಿಯಲ್ಲೇ ಇಟ್ಟುಕೊಳ್ಳಿ. ಹಳೆಯದರ ರೆಕ್ಕೆ ಮುರಿದಿದ್ದರೆ ತುಂಡುಗಳನ್ನು ಹುಡುಕಿ ತೆಗೆಯಲೇಬೇಕು. ಅವು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರಿನ ಬಾಯಿಗೆ ಅಡ್ಡ ಕೂತಿರುತ್ತವೆ.

ಇನ್ನು ಡೀಸೆಲ್. ನೀರು ಸೇರಿದ ಡೀಸೆಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಬಂದರು ಶಾಂತವಿರುವಾಗ ಅದು ಟ್ಯಾಂಕಿನ ತಳದಲ್ಲಿ ತೆಪ್ಪಗಿರುತ್ತದೆ. ಅಲೆಯೆದ್ದ ದಿನ ಕದಡಿ ಫಿಲ್ಟರಿಗೆ ನುಗ್ಗುತ್ತದೆ. ಎಂಜಿನ್ ಅತ್ಯಗತ್ಯವಾದ ಹೊತ್ತಿನಲ್ಲೇ ಅದು ಸಾಯುವುದು ಇದರಿಂದ. ಕ್ಯಾನಿನಲ್ಲಿ ತಂದ ಡೀಸೆಲನ್ನು ನೀರು ತಡೆಯುವ ಜಾಲರಿಯ ಫನೆಲ್‌ನಲ್ಲಿ ಸೋಸಿಯೇ ಸುರಿಯಿರಿ. ಟ್ಯಾಂಕ್ ತುಂಬಿರಲಿ, ಖಾಲಿ ಜಾಗದ ತೇವಾಂಶವೇ ಹನಿಗಟ್ಟಿ ಕೆಳಗಿಳಿಯುತ್ತದೆ. ಮೊದಲ ಫಿಲ್ಟರಿನ ಕೆಳಗೆ ಪಾರದರ್ಶಕ ಬಟ್ಟಲಿದ್ದರೆ ದಿನವೂ ಕಣ್ಣು ಹಾಯಿಸಿ. ಫಿಲ್ಟರ್ ಬದಲಿಸಿ ಗಾಳಿ ಹೊರಹಾಕುವ ಕೆಲಸವನ್ನು ಕಟ್ಟೆಯಲ್ಲಿ ಕಟ್ಟಿದ್ದಾಗಲೇ ಅಭ್ಯಾಸ ಮಾಡಿ; ಯಾವ ಸ್ಕ್ರೂ ಸಡಿಲಿಸಬೇಕೋ ಅದಕ್ಕೆ ಬಣ್ಣ ಹಚ್ಚಿಡಿ, ಆ ಅಳತೆಯ ಸ್ಪ್ಯಾನರನ್ನು ಅಲ್ಲೇ ನೇತುಹಾಕಿ.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಎಂಜಿನ್ ಹತ್ತದೆ ಮತ್ತೆ ಮತ್ತೆ ಸ್ಟಾರ್ಟರ್ ಒತ್ತುತ್ತಿದ್ದರೆ, ಪಂಪು ನೀರೆತ್ತುತ್ತಲೇ ಇರುತ್ತದೆ. ಅದನ್ನು ಹೊರದಬ್ಬಲು ಹೊಗೆಯ ಒತ್ತಡವಿರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೇ ಇಳಿಯುತ್ತದೆ, ಎಂಜಿನ್ ಹಾಳಾಗುತ್ತದೆ. ಎರಡು ಮೂರು ಪ್ರಯತ್ನಕ್ಕೆ ಹತ್ತದಿದ್ದರೆ ನೀರಿನ ವಾಲ್ವು ಮುಚ್ಚಿ ಮುಂದುವರಿಯಿರಿ, ಹತ್ತಿದ ಕ್ಷಣವೇ ತೆರೆಯಿರಿ.

5. ಬ್ಯಾಟರಿಯ ಜಮಾಖರ್ಚು ಬರೆದಿಡಿ

ಫ್ರಿಜ್ ಓಡುವಾಗ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ದಿನದಲ್ಲಿ ಹನ್ನೆರಡು ಗಂಟೆ ಓಡಿದರೆ ಐವತ್ತು, ಅರವತ್ತು ಆಂಪಿಯರ್-ಅವರ್ ಅಲ್ಲಿಗೇ ಹೋಯಿತು. 100 ವ್ಯಾಟಿನ ಸೋಲಾರ್ ಫಲಕ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು ಮೂವತ್ತು ಕೊಡುತ್ತದೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಎಷ್ಟು ಫಲಕ ಬೇಕು, ಫ್ರಿಜ್ ಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ.

ಸೀಸದ ಬ್ಯಾಟರಿ ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಅರ್ಧಕ್ಕಿಂತ ಕೆಳಗೆ ಮೇಲಿಂದ ಮೇಲೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿ ಪ್ರತ್ಯೇಕವಾಗಿರಲಿ, ದೀಪ-ಫ್ಯಾನುಗಳು ಅದನ್ನು ಮುಟ್ಟದಿರಲಿ. ಲಿಥಿಯಂ ಹಾಕಿಸುವವರು ಹಳೆಯ ಆಲ್ಟರ್ನೇಟರಿಗೆ ಅದನ್ನು ನೇರ ಜೋಡಿಸಬೇಡಿ. ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಕಾದು ಸುಡುತ್ತದೆ. ಮುಖ್ಯ ಫ್ಯೂಸು ಬ್ಯಾಟರಿಗೆ ಗೇಣುದ್ದದೊಳಗೆ ಇರಬೇಕು. ತಂತಿ ತವರ ಲೇಪಿಸಿದ ತಾಮ್ರದ್ದೇ ಆಗಬೇಕು; ಮನೆಗೆ ಎಳೆಯುವ ಬರಿ ತಾಮ್ರದ ತಂತಿ ಉಪ್ಪುಗಾಳಿಗೆ ಒಳಗೊಳಗೇ ಕಪ್ಪಾಗಿ ಬಿಸಿಯೇರುತ್ತದೆ.

6. ಸತುವಿನ ತುಂಡು ಅರ್ಧ ಕರಗಿದಾಗಲೇ ಬದಲಿಸಿ

ಪ್ರೊಪೆಲ್ಲರ್ ಮತ್ತು ಅದರ ದಂಡದ ಬದಲಿಗೆ ತಾನು ಕರಗಲೆಂದೇ ಕಟ್ಟಿದ ಲೋಹ ಅದು. ಪೂರ್ತಿ ಮುಗಿದ ಮೇಲೆ ಸರದಿ ಪ್ರೊಪೆಲ್ಲರಿನದು. ಸತುವಿಗೆ ಬಣ್ಣ ಬಳಿಯಬೇಡಿ, ಬಳಿದರೆ ಕೆಲಸ ಮಾಡದು.

7. ಕಂಬ ಬೀಳುವುದು ಒಂದು ಎಳೆಯಿಂದ

ಹಾಯಿಕಂಬವನ್ನು ಎಳೆದು ನಿಲ್ಲಿಸಿರುವ ಸ್ಟೀಲ್ ತಂತಿಗಳ ಮೇಲೆ ತಿಂಗಳಿಗೊಮ್ಮೆ ಟಿಶ್ಯೂ ಪೇಪರ್ ಸವರಿ. ಮುರಿದ ಎಳೆಯಿದ್ದರೆ ಕಾಗದ ಅಲ್ಲಿ ಸಿಕ್ಕಿ ಹರಿಯುತ್ತದೆ. ಒಂದೇ ಎಳೆ ಮುರಿದಿದ್ದರೂ ಆ ತಂತಿಯ ಕಾಲ ಮುಗಿಯಿತು. ಕೆಳಗಿನ ತುದಿಯ ಲೋಹದ ತೋಳಿನೊಳಗೆ ಉಪ್ಪುನೀರು ನಿಲ್ಲುವುದರಿಂದ ಬಿರುಕು ಮೊದಲು ಅಲ್ಲೇ. ತಂತಿಗಳನ್ನು ದೋಣಿಯ ಮೈಗೆ ಬಿಗಿದಿರುವ ಪಟ್ಟಿಗಳನ್ನೂ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಗಾಳಿಯಾಡದ ತೇವದಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯುತ್ತದೆ, ಡೆಕ್ಕಿನ ಮೇಲೆ ಅದು ಹೊಳೆಯುತ್ತಲೇ ಇರುತ್ತದೆ. ಹತ್ತು ಹನ್ನೆರಡು ವರ್ಷವಾದ ತಂತಿಗಳನ್ನು ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಿಸಿ.

2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಯಲ್ಲಿದ್ದ ಅಭಿಲಾಷ್ ಟಾಮಿ ಅವರ ತುರೀಯಾ ಮಗುಚಿ ಕಂಬ ಮುರಿಯಿತು. ಗೋವಾದಲ್ಲಿ ಸುಹೇಲಿಯ ಮಾದರಿಯಲ್ಲೇ ಕಟ್ಟಿದ ದೋಣಿ ಅದು. ಬೆನ್ನಿಗೆ ಪೆಟ್ಟು ಬಿದ್ದ ಅವರನ್ನು ಫ್ರೆಂಚ್ ನೌಕೆ ಬಂದು ಕಾಪಾಡಿತು. 2023ರಲ್ಲಿ ಅದೇ ಸ್ಪರ್ಧೆಯಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಅಂಥ ಬಿರುಗಾಳಿ ನಮ್ಮ ಕರಾವಳಿ ಯಾನದಲ್ಲಿ ಎದುರಾಗದಿರಬಹುದು. ಆದರೆ ಮುರಿದ ಕಂಬ ಅಲೆಗೆ ಬಡಿದು ದೋಣಿಯ ಮೈ ತೂತು ಮಾಡುವ ಅಪಾಯ ಎಲ್ಲೆಡೆ ಒಂದೇ. ತಂತಿ ಕತ್ತರಿಸುವ ದೊಡ್ಡ ಕಟರ್, ಹ್ಯಾಕ್ಸಾ, ಪಿನ್ ಹೊಡೆಯುವ ಸುತ್ತಿಗೆ ಒಂದೇ ಚೀಲದಲ್ಲಿರಲಿ.

8. ಹಾಯಿ ಕಿರಿದು ಮಾಡಬೇಕೇ ಎಂದು ಅನ್ನಿಸಿದಾಗಲೇ ಮಾಡಿಬಿಡಿ

ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಹತ್ತು ನಾಟ್‌ನಿಂದ ಹದಿನಾಲ್ಕಕ್ಕೆ ಏರಿದರೇ ಸಾಕು, ಒತ್ತಡ ಎರಡರಷ್ಟು. ಗಾಳಿಯನ್ನು ಬೆನ್ನಿಗಿಟ್ಟು ಹೋಗುವಾಗ ಈ ಏರಿಕೆ ಗೊತ್ತೇ ಆಗುವುದಿಲ್ಲ. ತಿರುಗಿದಾಗ ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ. ರೀಫ್ ಹಾಕಲು, ಅಂದರೆ ಹಾಯಿ ಕಿರಿದು ಮಾಡಲು, ಅದು ಎಷ್ಟು ಇಳಿಯಬೇಕು ಎಂಬ ಗುರುತನ್ನು ಹಗ್ಗದ ಮೇಲೆ ಬಣ್ಣದ ನೂಲಿನಿಂದ ಹೊಲಿದಿಡಿ, ಕತ್ತಲಲ್ಲಿ ಬೆರಳಿಗೆ ತಾಗಲಿ. ಕಿರಿದಾದ ಹಾಯಿಯಲ್ಲಿ ದೋಣಿ ಓರೆಯಾಗದೆ ನೆಟ್ಟಗೆ ಓಡುವುದರಿಂದ ವೇಗವೂ ಅಷ್ಟೇನೂ ಇಳಿಯದು, ಚುಕ್ಕಾಣಿ ಹಿಡಿದವರ ತೋಳೂ ನೋಯದು.

9. ದಿನದ ಗಾಳಿಯ ಲಯಕ್ಕೆ ಹೊರಡುವ ವೇಳೆ ಹೊಂದಿಸಿ

ಚಳಿಗಾಲ, ಬೇಸಿಗೆಯಲ್ಲಿ ನಮ್ಮ ಪಶ್ಚಿಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ನಸುಕಿನಲ್ಲಿ ಘಟ್ಟದ ಕಡೆಯಿಂದ ತಂಪುಗಾಳಿ, ಬೆಳಗ್ಗೆ ಒಂದಿಷ್ಟು ಹೊತ್ತು ನಿಶ್ಚಲ, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ. ಗೋವಾದಿಂದ ಮಂಗಳೂರಿನ ಕಡೆಗೆ ಹೋಗುವವರಿಗೆ ಮಧ್ಯಾಹ್ನದ ಗಾಳಿ ಬೆನ್ನಿಗೆ. ಉತ್ತರಕ್ಕೆ ಹೋಗುವವರು ನಸುಕಿನಲ್ಲೇ ಲಂಗರೆತ್ತಿ, ದಡದ ಗಾಳಿಯಲ್ಲಿ ಸಾಧ್ಯವಾದಷ್ಟು ದೂರ ಸಾಗಿಬಿಡಬೇಕು. ರಾತ್ರಿ ಬಲೆಗಳೇ ದೊಡ್ಡ ತೊಡಕು. ಟ್ರಾಲ್‌ಬೋಟುಗಳ ಹಿಂದೆ ಹತ್ತಿರ ಹಾಯಬೇಡಿ. ಬಲೆ ಪ್ರೊಪೆಲ್ಲರಿಗೆ ಸುತ್ತಿದರೆ ನಿಮ್ಮ ಎಂಜಿನ್ ಮಾತ್ರ ನಿಲ್ಲುವುದಿಲ್ಲ, ಮೀನುಗಾರರೊಬ್ಬರ ದುಡಿಮೆಯೂ ಹರಿದುಹೋಗುತ್ತದೆ.

10. ಅಳಿವೆ ದಾಟುವ ಮೊದಲು ಅಲ್ಲಿಯ ಮೀನುಗಾರರನ್ನು ಕೇಳಿ

ಶರಾವತಿ, ಗಂಗೊಳ್ಳಿ, ನೇತ್ರಾವತಿ ಅಳಿವೆಗಳ ಮರಳುದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಚಾರ್ಟು ಹಳೆಯದನ್ನೇ ಹೇಳುತ್ತಿರುತ್ತದೆ. ಅದೇ ಬೆಳಗ್ಗೆ ಹೊರಬಂದ ದೋಣಿಯವರಿಗೆ ಇಂದಿನ ದಾರಿ ಗೊತ್ತು. ಇಳಿತದ ನೀರು ಹೊರಗೆ ರಭಸದಿಂದ ಹರಿಯುತ್ತಾ ಎದುರಿನ ಅಲೆಗೆ ಡಿಕ್ಕಿ ಹೊಡೆಯುವಾಗ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಭರತ ಏರುತ್ತಿರುವಾಗ, ಹಗಲು ಬೆಳಕಿನಲ್ಲಿ ಒಳಗೆ ಹೋಗಿ. ಅನುಮಾನವಿದ್ದರೆ ಹೊರಗೇ ಕಾಯಿರಿ, ಇಲ್ಲವೇ ಕಾರವಾರದಂಥ ಆಳವಾದ ಕೊಲ್ಲಿಗೆ ಮುಂದುವರಿಯಿರಿ. ಅಲ್ಲಿ ನೌಕಾಪಡೆಯ ಕದಂಬ ನೆಲೆಯಿದೆ, ನಿಷೇಧಿತ ನೀರಿನಿಂದ ದೂರವಿರಿ.

11. ಲಂಗರಿನ ಲೆಕ್ಕದಲ್ಲಿ ಭರತವನ್ನೂ ಸೇರಿಸಿ

ಸರಪಳಿಯಾದರೆ ಆಳದ ಐದರಷ್ಟು, ಹಗ್ಗ ಸೇರಿದ್ದರೆ ಏಳರಷ್ಟು ಬಿಡಬೇಕು ಎಂಬುದು ರೂಢಿ. ಇಲ್ಲಿ ಆಳವೆಂದರೆ ಮೀಟರ್ ತೋರಿಸುವ ಅಂಕಿ ಮಾತ್ರವಲ್ಲ. ನೀರು ಐದು ಮೀಟರ್, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಎತ್ತರ, ಭರತಕ್ಕೆ ಇನ್ನೂ ಒಂದೂವರೆ ಮೀಟರ್ ಏರಲಿದೆ: ಒಟ್ಟು ಏಳೂವರೆ, ಅದರ ಐದರಷ್ಟು ಮೂವತ್ತೇಳೂವರೆ ಮೀಟರ್ ಸರಪಳಿ. ಅದೇ ಮುಂಬಯಿಯಲ್ಲಿ ನಾಲ್ಕು ಮೀಟರ್ ಏರುವ ದಿನವಾದರೆ ಐವತ್ತು ಮೀಟರ್ ಬೇಕು. ಬಿಟ್ಟಾದ ಮೇಲೆ ಎಂಜಿನ್ ಹಿಮ್ಮುಖ ಓಡಿಸಿ ನಿಧಾನವಾಗಿ ಎಳೆದು ನೋಡಿ; ದಡದ ಎರಡು ಗುರುತುಗಳನ್ನು ಒಂದೇ ಸಾಲಿಗೆ ಹಿಡಿದು, ಅವು ಸರಿಯುತ್ತಿಲ್ಲವೆಂದು ಖಚಿತವಾದ ಮೇಲೆ ಅಡುಗೆಗೆ ಕೂರಿ. ಸರಪಳಿಯ ಜಗ್ಗಾಟ ತಡೆಯಲು ನೈಲಾನ್ ಹಗ್ಗವೊಂದನ್ನು ಅದಕ್ಕೆ ಕಟ್ಟಿ ಭಾರ ಅದರ ಮೇಲೆ ಬರುವಂತೆ ಮಾಡಿ.

ಲಂಗರಿನ ಗುಣಮಟ್ಟದಲ್ಲಿ ಉಳಿತಾಯ ಬೇಡ. ನೇಗಿಲಿನಾಕಾರದ ಸಿಕ್ಯುಆರ್ ಲಂಗರನ್ನು 1933ರಲ್ಲಿ ರೂಪಿಸಿದವರು ದ್ರವಗಳ ಚಲನೆಯ ಅಧ್ಯಯನಕ್ಕೆ ಹೆಸರಾದ ಭೌತವಿಜ್ಞಾನಿ ಜಿ. ಐ. ಟೇಲರ್, ಸ್ವತಃ ಹಾಯಿದೋಣಿ ನಡೆಸುತ್ತಿದ್ದವರು. ಕಡಿಮೆ ತೂಕದಲ್ಲಿ ಹೆಚ್ಚು ಹಿಡಿತ ಹೇಗೆಂಬುದು ಅವರಂಥವರಿಗೂ ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡ ಪ್ರಶ್ನೆಯಾಗಿತ್ತು. ಇಂದಿನ ಹೊಸ ವಿನ್ಯಾಸಗಳು ಅದಕ್ಕಿಂತ ಬೇಗ ನೆಲದಲ್ಲಿ ಹೂತುಕೊಳ್ಳುತ್ತವೆ.

12. ಚುಕ್ಕಾಣಿ ಇಲ್ಲದೆ ಒಂದು ಗಂಟೆ ನಡೆಸಿ ನೋಡಿ

2018ರಲ್ಲಿ ಆರು ಮಹಿಳಾ ನೌಕಾಧಿಕಾರಿಗಳು ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮುಗಿಸುವ ಕೊನೆಯ ಹಂತದಲ್ಲಿದ್ದಾಗ ಚುಕ್ಕಾಣಿ ವ್ಯವಸ್ಥೆ ಕೆಟ್ಟು, ಯೋಜನೆಯಲ್ಲಿಲ್ಲದ ಮಾರಿಷಸ್ಸಿಗೆ ಹೋಗಿ ಸರಿಪಡಿಸಿಕೊಳ್ಳಬೇಕಾಯಿತು. ಚಕ್ರವಿರುವ ದೋಣಿಯಲ್ಲಿ ತುರ್ತು ಹಿಡಿಯೊಂದು ಇದ್ದೇ ಇರುತ್ತದೆ, ಹೆಚ್ಚಿನ ಕಡೆ ಒಮ್ಮೆಯೂ ಜೋಡಿಸದೆ. ಜೋಡಿಸಿ ನೋಡಿ. ಎರಡು ಹಾಯಿಗಳನ್ನು ಹದಗೊಳಿಸಿ ಚಕ್ರ ಮುಟ್ಟದೆ ನೇರ ಓಡಿಸುವುದನ್ನೂ ಕಲಿಯಿರಿ. ಗಾಳಿಯಿಂದ ಚುಕ್ಕಾಣಿ ತಿರುಗಿಸುವ ಸಾಧನ ಮುರಿದ ಮೇಲೆ ಸುಹೇಲಿ ದೂರ ಸಾಗಿದ್ದು ಹೀಗೆಯೇ.

13. ಗ್ಯಾಸನ್ನು ಸಿಲಿಂಡರಿನಲ್ಲೇ ಮುಚ್ಚಿ

ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಕಿಟಕಿ ಬಾಗಿಲು ತೆರೆದರೆ ಹೊರಹೋಗುತ್ತದೆ. ದೋಣಿಯಲ್ಲಿ ತಳಗುಂಡಿಗೆ ಇಳಿದು ಅಲ್ಲೇ ತುಂಬಿಕೊಂಡು ಒಂದು ಕಿಡಿಗೆ ಕಾಯುತ್ತದೆ. ಸಿಲಿಂಡರ್ ಡೆಕ್ಕಿನ ಮೇಲೆ ಪ್ರತ್ಯೇಕ ಪೆಟ್ಟಿಗೆಯಲ್ಲಿರಲಿ, ಪೆಟ್ಟಿಗೆಯ ತಳದಿಂದ ನೇರ ಹೊರಗೆ ಕೊಳವೆಯಿರಲಿ. ಅಡುಗೆ ಮುಗಿದಾಗ ಮೊದಲು ಸಿಲಿಂಡರ್ ಮುಚ್ಚಿ, ಹೋಸಿನಲ್ಲಿ ಉಳಿದದ್ದು ಉರಿದು ಜ್ವಾಲೆ ತಾನಾಗಿ ಆರಲಿ, ಆಮೇಲೆ ಒಲೆ ತಿರುಗಿಸಿ. ಜೋಡಣೆಗಳಿಗೆ ಆಗಾಗ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

14. ಶೌಚಾಲಯದ ಪಂಪಿಗೆ ವಾರಕ್ಕೊಮ್ಮೆ ಅಡುಗೆ ಎಣ್ಣೆ

ಎರಡು ಚಮಚ ಸಾಕು, ರಬ್ಬರುಗಳು ಒಣಗುವುದಿಲ್ಲ. ತಿಂಗಳಿಗೊಮ್ಮೆ ವಿನೆಗರ್ ಹಾಕಿ ರಾತ್ರಿ ಬಿಟ್ಟರೆ ಹೋಸಿನೊಳಗಿನ ಗಾರು ಕರಗುತ್ತದೆ. ಬಳಸಿದ ಮೇಲೆ ವಾಲ್ವು ಮುಚ್ಚಿ.

15. ಕೂಗಿದರೆ ಯಾರಿಗೆ ಕೇಳಬೇಕೆಂದು ಮೊದಲೇ ತಿಳಿದಿರಲಿ

ವಿಎಚ್‌ಎಫ್ ರೇಡಿಯೊದಲ್ಲಿ ಚಾನೆಲ್ 16 ಸದಾ ಆನ್ ಇರಲಿ. ಫೋನಿನ ಸಿಗ್ನಲ್ ಇರುವವರೆಗೆ ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554. ದಡದಿಂದ ದೂರ ಹೋಗುವವರಿಗೆ 406 ಮೆಗಾಹರ್ಟ್ಸಿನ ಬೀಕನ್ ಬೇಕೇ ಬೇಕು. ಅದನ್ನು ಒತ್ತಿದರೆ ಸಂಕೇತ ಉಪಗ್ರಹಗಳ ಮೂಲಕ ಬೆಂಗಳೂರಿನಲ್ಲಿರುವ ಇಸ್ರೊದ ಕೇಂದ್ರಕ್ಕೆ ಬಂದು, ಅಲ್ಲಿಂದ ರಕ್ಷಣಾ ತಂಡಗಳಿಗೆ ತಲುಪುತ್ತದೆ. ಬೀಕನ್ನನ್ನು ನಿಮ್ಮ ಹೆಸರಿಗೆ, ನಿಮ್ಮ ದೋಣಿಗೆ ನೋಂದಾಯಿಸಿಕೊಳ್ಳಿ, ಬ್ಯಾಟರಿಯ ಗಡುವು ನೋಡಿ. ನೋಂದಣಿಯಿದ್ದರೆ ಯಾರ ದೋಣಿ, ಎಂಥ ದೋಣಿ, ದಡದಲ್ಲಿ ಯಾರನ್ನು ಕೇಳಬೇಕು ಎಂಬುದು ಹುಡುಕುವವರಿಗೆ ಕೂಡಲೇ ತಿಳಿಯುತ್ತದೆ.

16. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಹತ್ತಿಸಿ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಪುಟ್ಟ ಹಾಯಿದೋಣಿಗೂ ಸೆಪ್ಟೆಂಬರ್ ಮುಗಿಯುವ ತನಕ ಕಡಲಲ್ಲಿ ಕೆಲಸವಿಲ್ಲ. ಮೇ ಮಧ್ಯಕ್ಕೇ ಎತ್ತಿಸಿ, ಯಾರ್ಡುಗಳಲ್ಲಿ ಆಮೇಲೆ ಜಾಗ ಸಿಗುವುದಿಲ್ಲ. ಹಾಯಿಗಳನ್ನು ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಮನೆಗೆ ಒಯ್ಯಿರಿ. ಎಂಜಿನ್ ಎಣ್ಣೆಯನ್ನು ಈಗಲೇ ಬದಲಿಸಿ. ಹಳೆಯ ಎಣ್ಣೆಯ ಆಮ್ಲ ನಾಲ್ಕು ತಿಂಗಳು ಬೇರಿಂಗುಗಳ ಮೇಲೆ ಕೂರಬಾರದು. ತಂಪಿಸುವ ಕೊಳವೆಗಳಲ್ಲಿ ಸಿಹಿನೀರು ಹರಿಸಿ, ಇಂಪೆಲ್ಲರ್ ಬಿಚ್ಚಿಡಿ. ಬ್ಯಾಟರಿ ತುಂಬಿಸಿ ತಂತಿ ಕಳಚಿ. ಕಪಾಟು, ತಳಹಲಗೆ, ಫ್ರಿಜ್ ಎಲ್ಲದರ ಬಾಗಿಲು ತೆರೆದಿಟ್ಟು ಗಾಳಿಯಾಡಲು ಬಿಡಿ, ಇಲ್ಲವಾದರೆ ಆಗಸ್ಟಿನ ಹೊತ್ತಿಗೆ ಗೋಡೆಗೋಡೆಗೂ ಬೂಷ್ಟು. ತಳಕ್ಕೆ ಅಂಟಿದ ಚಿಪ್ಪುಗಳನ್ನು ಎತ್ತಿದ ದಿನವೇ, ಒದ್ದೆಯಿರುವಾಗಲೇ ಕೆರೆಯಿರಿ. ಒಣಗಿದರೆ ಒಂದಕ್ಕೆ ಮೂರರಷ್ಟು ದುಡಿಮೆ.

ಅಕ್ಟೋಬರಿನಲ್ಲಿ ನೀರಿಗಿಳಿಸುವಾಗ ಕ್ರೇನಿನ ಪಟ್ಟಿ ಬಿಚ್ಚಲು ಒಪ್ಪಬೇಡಿ. ದೋಣಿ ತೇಲಿದ ಮೇಲೂ ಪಟ್ಟಿ ಹಾಗೇ ಇರಲಿ. ಟಾರ್ಚು ಹಿಡಿದು ಒಳಗಿಳಿದು ಪ್ರತಿ ವಾಲ್ವು, ಪ್ರತಿ ಹೋಸು, ಪ್ರೊಪೆಲ್ಲರ್ ದಂಡ ಹೊರಹೋಗುವ ಜಾಗ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮುಟ್ಟಿ. ಕೈ ಒಣಗಿದ್ದರೆ ಕ್ರೇನಿನವರಿಗೆ ಸನ್ನೆ ಮಾಡಿ.